ಕಳ್ಳ ತುಂಡು

ಮೂವತ್ತೊಂದು ವರ್ಷ ನಾನು ಅನುಮಾನಪಡುವುದಕ್ಕೇ ಸಂಬಳ ತೆಗೆದುಕೊಂಡವನು. ಸೋಲಾಪುರದ ಒಂದು ಟವೆಲ್ ಕಾರ್ಖಾನೆಯಲ್ಲಿ ಬಣ್ಣ ಪರೀಕ್ಷಿಸುವ ಕೆಲಸ, ಈಗ ನಿವೃತ್ತ. ಬಟ್ಟೆಯನ್ನು ತೊಳೆದು, ಉಜ್ಜಿ, ಬಿಸಿಲಿಗೆ ಹಾಕಿ, ಬಣ್ಣ ಎಷ್ಟು ಉಳಿಯಿತು ಎಂದು ಕಣ್ಣಿನಿಂದ ನೋಡಿ ಅಂಕ ಕೊಡಬೇಕು. ಅದಕ್ಕೆ ಗ್ರೇ ಸ್ಕೇಲ್ ಎಂಬ ರಟ್ಟಿನ ಪಟ್ಟಿ ಇರುತ್ತದೆ, ಬೂದು ಬಣ್ಣದ ಜೋಡಿಗಳನ್ನು ಸಾಲಾಗಿ ಅಂಟಿಸಿದ್ದು. ಐದು ಎಂದರೆ ಬಣ್ಣ ಕದಲಿಲ್ಲ, ಒಂದು ಎಂದರೆ ಎಲ್ಲ ನೀರುಪಾಲು. ಬಣ್ಣ ಹಾಕಿದವನು "ಪಕ್ಕಾ ಐತ್ರಿ ಸಾಹೇಬ" ಎನ್ನುತ್ತಾನೆ. ಮಾಲೀಕ "ಲಗೂ ಪಾಸ್ ಮಾಡ್ರಿ" ಎನ್ನುತ್ತಾನೆ. ಇಬ್ಬರನ್ನೂ ನಂಬಬಾರದು. ಉತ್ತರದ ಕಿಟಕಿಯ ಬೆಳಕಿನಲ್ಲಿ ಕೂತು, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು.

ನೋಡುವವನನ್ನೂ ಯಾರಾದರೂ ನೋಡಬೇಕಲ್ಲ. ಅದಕ್ಕೊಂದು ಪದ್ಧತಿ ಇತ್ತು. ಒಂದೇ ಬಟ್ಟೆಯನ್ನು ಎರಡಾಗಿ ಕತ್ತರಿಸಿ, ಬೇರೆ ಬೇರೆ ನಂಬರು ಬರೆದು, ಉಳಿದ ತುಂಡುಗಳ ನಡುವೆ ಸೇರಿಸಿಬಿಡುವುದು. ಪರೀಕ್ಷಕ ಎರಡಕ್ಕೂ ಒಂದೇ ಅಂಕ ಕೊಟ್ಟರೆ ಅವನ ಕಣ್ಣು ಸರಿ ಇದೆ. ಬೇರೆ ಬೇರೆ ಕೊಟ್ಟರೆ ಕಣ್ಣಾದರೂ ಕೆಟ್ಟಿದೆ, ಮನಸ್ಸಾದರೂ ಕೆಟ್ಟಿದೆ. ಅದನ್ನು ನಾವು ಕಳ್ಳ ತುಂಡು ಎನ್ನುತ್ತಿದ್ದೆವು. ಹೊಸಬರು ಎಷ್ಟೋ ಜನ ಅದರಲ್ಲಿ ಸಿಕ್ಕಿಬಿದ್ದು ಪ್ಯಾಕಿಂಗ್ ವಿಭಾಗಕ್ಕೆ ಹೋದರು. ನಾನು ಒಮ್ಮೆಯೂ ಸಿಕ್ಕಿಬೀಳಲಿಲ್ಲ. ಈ ಜಂಬವನ್ನು ಊಟದ ಹೊತ್ತಿನಲ್ಲಿ ಹೆಂಡತಿಗೆ, ಮಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೆಂಡತಿ ಶೇಂಗಾ ಚಟ್ನಿಯ ಡಬ್ಬಿಯನ್ನು ನನ್ನ ಮುಂದೆ ದೂಡಿ, "ಸಾಕ್ ಬಿಡ್ರಿ, ರೊಟ್ಟಿ ಆರಾಕತ್ಯಾವ" ಎನ್ನುತ್ತಿದ್ದಳು. ಮಗಳು ಮಾತ್ರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಅವಳಿಗೆ ನಾನು ಕಲಿಸಿದ ಇನ್ನೊಂದು ವಿದ್ಯೆ ಕಂಬಳಿಯದು. ನಮ್ಮದು ಹತ್ತಿರದ ಬೋರಾಮಣಿ ಹಳ್ಳಿಯ ಕುರಿಗಾರರ ಮನೆತನ. ಪೇಟೆಯಲ್ಲಿ ಕಂಬಳಿ ಕೊಳ್ಳುವಾಗ ಅದು ಪೂರಾ ಉಣ್ಣೆಯದೋ ಬೆರಕೆಯೋ ಎಂದು ತಿಳಿಯಲು ನಮ್ಮವರು ಅದರ ಮೂಲೆಯನ್ನು ಬಾಯಿಯ ಹತ್ತಿರ ಹಿಡಿದು, "ಹಾ" ಎಂದು ಬಿಸಿಯುಸಿರು ಬಿಟ್ಟು ಮೂಸುತ್ತಾರೆ. ಉಸಿರಿನ ಹಸಿಗೆ ಕುರಿಯ ವಾಸನೆ ಏಳುತ್ತದೆ. ಎಷ್ಟು ತೊಳೆದರೂ ಉಣ್ಣೆಯಿಂದ ಅದು ಪೂರ್ತಿ ಹೋಗುವುದಿಲ್ಲ. ಮಗಳು ಆರೇಳು ವರ್ಷದವಳಿದ್ದಾಗ ಅಂಗಡಿಯಲ್ಲಿ ಸಿಕ್ಕಿದ ಬಟ್ಟೆಗೆಲ್ಲ ಉಸಿರು ಬಿಟ್ಟು ಮೂಸಿ ನೋಡುತ್ತಿದ್ದಳು. ಅಂಗಡಿಯವರು ನಗುತ್ತಿದ್ದರು.

ಕುರಿ ಕಾಯುವುದನ್ನು ನಾನು ಬಿಟ್ಟದ್ದೂ ಅನುಮಾನದಿಂದಲೇ. ನನ್ನ ಅಪ್ಪನ ಮೈಮೇಲೆ ನಮ್ಮ ಕುಲದೇವರು ಬೀರೋಬಾ ಬರುತ್ತಿದ್ದ. ವರ್ಷಕ್ಕೊಮ್ಮೆ ಅಪ್ಪ ಮಳೆ ಬೆಳೆಯ ಹೇಳಿಕೆ ಹೇಳುತ್ತಿದ್ದ. ಊರೆಲ್ಲ ಕೈ ಮುಗಿದು ಕೇಳುತ್ತಿತ್ತು. ನಾನು ಮಾತ್ರ ಸಾಲೆಯ ವಹಿಯ ಹಿಂದಿನ ಹಾಳೆಯಲ್ಲಿ ಅಪ್ಪ ಹೇಳಿದ್ದೆಷ್ಟು, ಆದದ್ದೆಷ್ಟು ಎಂದು ಬರೆದಿಟ್ಟುಕೊಳ್ಳುತ್ತಿದ್ದೆ. ಅಪ್ಪನಿಗೆ ಅದು ಗೊತ್ತಾದ ಮೇಲೆ ಅವನು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಆಗ ನನಗೆ ಅದರಿಂದ ಹೆಮ್ಮೆಯಾಗಿತ್ತು.

ನಾನು ಹೇಳಹೊರಟಿರುವುದು ಮಗಳ ಸಂಶೋಧನೆಯ ವಿಷಯ. ಅವಳು ರಸಾಯನಶಾಸ್ತ್ರ ಓದಿ, ಅಕ್ಕಲಕೋಟೆಯ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಪಾಠ ಮಾಡುತ್ತ ಪಿಎಚ್‌ಡಿ ಮಾಡುತ್ತಿದ್ದಳು. ನಮ್ಮ ಕಡೆ ದಾಳಿಂಬೆ ಹೇರಳ. ರಸ ತೆಗೆದ ಮೇಲೆ ಸಿಪ್ಪೆ ತಿಪ್ಪೆಗೆ. ಆ ಸಿಪ್ಪೆಯ ಬಣ್ಣವನ್ನು ಹತ್ತಿಯ ಟವೆಲಿಗೆ ಹತ್ತಿಸಬೇಕು, ತೊಳೆದರೂ ಹೋಗಬಾರದು, ಜೊತೆಗೆ ಮೈಗೆ ನೀರಿಗೆ ಕೆಡುಕಾಗುವ ಲೋಹದ ಉಪ್ಪುಗಳನ್ನು ಬಳಸಬಾರದು. ಇದು ಅವಳ ವಿಷಯ. ಆ ಉಪ್ಪಿಲ್ಲದೆ ಹತ್ತಿ ಬಣ್ಣ ಹಿಡಿಯುವುದಿಲ್ಲ ಎಂದು ನಾನು ಮೊದಲ ದಿನವೇ ಹೇಳಿದ್ದೆ. ನಾಲ್ಕು ವರ್ಷ ಒದ್ದಾಡಿದಳು. ಮೂರು ತೊಳೆತಕ್ಕೆ ಬಟ್ಟೆ ಚಹಾ ಸೋಸುವ ಅರಿವೆಯಂತೆ ಆಗುತ್ತಿತ್ತು. ವಿಶ್ವವಿದ್ಯಾಲಯದವರು ಕೊನೆಯದೆಂದು ಒಂದು ವರ್ಷ ಅವಧಿ ಹೆಚ್ಚಿಸಿದ್ದರು. ಅದರೊಳಗೆ ಆಗದಿದ್ದರೆ ಪದವಿಯೂ ಇಲ್ಲ, ಕಾಲೇಜಿನ ಕಾಯಂ ಕೆಲಸದ ಆಸೆಯೂ ಇಲ್ಲ. ಅವಳು ತೆಳ್ಳಗಾದಳು. ಬಾಚಿದಾಗ ಕೂದಲು ಕೈಗೆ ಬರುತ್ತಿತ್ತು.

ಆ ಮಳೆಗಾಲದ ಕೊನೆಗೆ ಒಂದು ದಿನ ಅಕ್ಕಲಕೋಟೆಗೆ ಪಾಠಕ್ಕೆಂದು ಹೋದವಳು ಸಂಜೆ ಬಂದಳು. ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಚಪ್ಪಲಿ ಬಿಡುವಾಗ ನೋಡಿದೆ. ಸಲವಾರದ ಅಂಚಿನ ತುಂಬ ಕುಸಳಿ ಚುಚ್ಚಿಕೊಂಡಿತ್ತು, ಹುಲ್ಲುಗಾವಲಿನಲ್ಲಿ ನಡೆದರೆ ಬಟ್ಟೆಗೆ ಸೂಜಿಯ ಹಾಗೆ ನೆಡುವ ಆ ಹುಲ್ಲಿನ ಬೀಜ. ಅಕ್ಕಲಕೋಟೆಯ ಬಸ್ಸು ಕುಂಭಾರಿಯ ಮೇಲೆ ಹೋಗುತ್ತದೆ. ಆ ದಾರಿಯಲ್ಲಿ ಕಾಲೇಜಿನ ಬಾಗಿಲತನಕ ಡಾಂಬರು. ಕುಸಳಿ ಇರುವುದು ಬೋರಾಮಣಿಯ ಮಾಳದಲ್ಲಿ.

"ಪಾಠ ಆತೇನವ್ವಾ?" ಎಂದೆ.

"ಹೂಂ, ಆತ" ಎಂದಳು.

ಅಷ್ಟೇ. ನಾನು ಮುಂದೆ ಕೇಳಲಿಲ್ಲ. ಕೇಳಿದರೆ ಎಚ್ಚರಾಗುತ್ತಾರೆ, ಸುಮ್ಮನಿದ್ದು ನೋಡಬೇಕು ಎಂಬುದು ನನ್ನ ಕಾರ್ಖಾನೆಯ ಬುದ್ಧಿ. ಅವತ್ತಿನಿಂದ ನನಗೆ ಮೈಯೆಲ್ಲ ಕಣ್ಣು.

ಮೊದಲು ಸಿಕ್ಕಿದ್ದು ಫೋನು. ಚಾರ್ಜಿಗೆ ಹಾಕಿಟ್ಟಿದ್ದಳು, ಪರದೆ ತೆರೆದೇ ಇತ್ತು. ಯಾವುದೋ ಲೇಖನ. ಮತಿಗೆಡಿಸುವ ಅಣಬೆ, ಗುಳಿಗೆಗಳನ್ನು ಸ್ವಲ್ಪವಾಗಿ ತೆಗೆದುಕೊಂಡು ಪರದೇಶದ ಕೆಲವು ವಿಜ್ಞಾನಿಗಳು ಬಗೆಹರಿಯದ ಸಮಸ್ಯೆಗಳಿಗೆ ದಾರಿ ಕಂಡುಕೊಂಡರಂತೆ. ಸಿಕ್ಕಿಬಿದ್ದ ಮನಸ್ಸು ಅವುಗಳಿಂದ ಸಡಿಲಾಗುತ್ತದಂತೆ. ಈಗ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಅದನ್ನೇ ಪರೀಕ್ಷಿಸುತ್ತಿದ್ದಾರಂತೆ. ಓದಿ ನನಗೆ ಸಿಟ್ಟು ನೆತ್ತಿಗೇರಿತು. ಇಂಥ ಬರಹಗಳಲ್ಲಿ ಯಾವಾಗಲೂ ಗೆದ್ದವರ ಕಥೆಯೇ ಇರುತ್ತದೆ. ತಿಂದು ಏನೂ ಹೊಳೆಯದೆ ವಾಂತಿ ಮಾಡಿಕೊಂಡು ಮನೆಗೆ ಹೋದವರು ಎಷ್ಟು ಮಂದಿ? ತಿನ್ನದೆ ಬರೀ ಗಿಡದ ಕೆಳಗೆ ಕೂತು ಹೊಳೆಸಿಕೊಂಡವರು ಎಷ್ಟು ಮಂದಿ? ಅವರನ್ನು ಪಕ್ಕದಲ್ಲಿಟ್ಟು ಹೋಲಿಸದೆ ಅಂಕ ಕೊಟ್ಟರೆ ನಮ್ಮ ಕಾರ್ಖಾನೆಯಲ್ಲಿ ನಾಳೆಯೇ ಕೆಲಸ ಹೋಗುತ್ತಿತ್ತು.

ಎರಡನೆಯದು ಡಬ್ಬಿ. ಅವಳ ಪುಸ್ತಕದ ಕಪಾಟಿನಲ್ಲಿ ಹಳೆಯ ಬಿಸ್ಕೀಟಿನ ತಗಡಿನ ಡಬ್ಬಿ, ಅದರಲ್ಲಿ ಕಾಗದದಲ್ಲಿ ಸುತ್ತಿದ ನಾಲ್ಕೈದು ಒಣ ನಾಯಿಕೊಡೆ. ಕಾಲು ಸಣ್ಣ, ತಲೆ ಸುಕ್ಕುಗಟ್ಟಿ ಕಂದಾಗಿತ್ತು. ಇದು ಮನೆಯಲ್ಲಿದ್ದರೇನೇ ಅಪರಾಧ. ಪೊಲೀಸರವರೆಗೆ ಹೋದರೆ ಪದವಿ ಹಾಗಿರಲಿ, ಹುಡುಗಿಯ ಬದುಕೇ ಹಾಳು. ಅದಕ್ಕಿಂತ ಹೆಚ್ಚಾಗಿ ಅವಳ ತಲೆ. ನಾಲ್ಕು ವರ್ಷ ನಿದ್ದೆ ಕೆಟ್ಟು ಮೊದಲೇ ಕೂದಲೆಳೆಯ ಮೇಲೆ ನಿಂತಿದ್ದ ತಲೆ. ಅದನ್ನು ಯಾವುದೋ ಸಗಣಿಯ ಮೇಲೆ ಹುಟ್ಟಿದ ಕೊಡೆಯ ಕೈಗೆ ಕೊಟ್ಟಳಲ್ಲ! ಡಬ್ಬಿ ಸಮೇತ ಒಯ್ದು ದೂರದ ನಾಲೆಗೆ ಎಸೆದು ಬಂದೆ. ಅವಳು ಹುಡುಕಬಹುದು, ಕೇಳಬಹುದು ಎಂದು ಕಾದೆ. ಅವಳು ಕೇಳಲಿಲ್ಲ. ಕೇಳಲಿಲ್ಲವೆಂದು ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಮೂರನೆಯದು ಅವಳ ಪ್ರಯೋಗದ ವಹಿ. ಅವಳು ಪಾಠಕ್ಕೆ ಹೋದ ಹೊತ್ತು ನೋಡಿ, ಬೆರಳಿಗೆ ಉಗುಳು ಹಚ್ಚಿ ಒಂದೊಂದೇ ಹಾಳೆ ತಿರುವಿದೆ. ನಡುವೆ ಹನ್ನೊಂದು ಹಾಳೆ, ಬೇರೆಯೇ ಅಕ್ಷರ. ದೊಡ್ಡ ದೊಡ್ಡದು, ಸಾಲು ಬಿಟ್ಟು ಓಡಿದ್ದು. ಮರಾಠಿಯಲ್ಲಿ ಸ್ವಲ್ಪ, ಇಂಗ್ಲಿಷಿನಲ್ಲಿ ಸ್ವಲ್ಪ. ದಾಳಿಂಬೆ ಕಾಳುಗಳು ಅವಳೊಂದಿಗೆ ಜಗಳ ತೆಗೆದವಂತೆ. ಮೋಡಕ್ಕೆ ಗಂಜಿ ಹಾಕಬೇಕಂತೆ. ಆಕಾಶದ ತುಂಬ ಮಗ್ಗದ ಎಳೆಗಳಂತೆ, ಒಂದು ಎಳೆ ಅವಳ ಅಜ್ಜನ ಗಡ್ಡಕ್ಕೆ ಗಂಟು ಬಿದ್ದಿತ್ತಂತೆ. ಹುಚ್ಚರ ಸಂತೆ. ಹನ್ನೊಂದನೆಯ ಹಾಳೆಯಲ್ಲಿ ಅರ್ಧ ಸಾಲು ಮಾತ್ರ ಕನ್ನಡದಲ್ಲಿತ್ತು. ಅವಳು ಓದಿದ್ದು ಮರಾಠಿ ಸಾಲೆಯಲ್ಲಿ, ಕನ್ನಡದ ಅಕ್ಷರ ಬಾರದು, ಅದಕ್ಕೆ ಮರಾಠಿ ಲಿಪಿಯಲ್ಲಿ ನಮ್ಮ ಮನೆಯ ಮಾತನ್ನು ಬರೆದಿದ್ದಳು. "ಹತ್ತಿಗಿ ಕುರಿ ಉಣಸು."

ಹತ್ತಿಗೆ ಕುರಿಯನ್ನು ಊಟ ಮಾಡಿಸಬೇಕಂತೆ! ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಡುಗೆಮನೆಯಿಂದ ಹೆಂಡತಿ "ಏನಾತ್ರಿ?" ಎಂದಳು. "ಏನಿಲ್ಲ" ಎಂದು ವಹಿ ಮುಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಗಡ್ಡ ಹೆರೆಯುತ್ತಿದ್ದೆ. ಕನ್ನಡಿಯೊಳಗೆ ಹಿಂದಿನ ಹಗ್ಗದ ಮೇಲೆ ನನ್ನ ಅಪ್ಪನ ಹಳೆಯ ಕಂಬಳಿ ಕಾಣುತ್ತಿತ್ತು. ಅದರ ಕೆಂಪು ಅಂಚು ಐವತ್ತು ವರ್ಷದ್ದು, ಇನ್ನೂ ಕೆಂಪಗೇ ಇದೆ. ಕೈ ಅಲ್ಲೇ ನಿಂತಿತು. ಉಣ್ಣೆ ಬಣ್ಣ ಕುಡಿಯುತ್ತದೆ, ಹತ್ತಿ ಉಗುಳುತ್ತದೆ. ಇದು ಬಣ್ಣದ ಕೆಲಸದವರಿಗೆಲ್ಲ ಗೊತ್ತಿರುವ ಮಾತು. ಉಣ್ಣೆ ಪ್ರಾಣಿಯ ಮೈಯದು, ಹತ್ತಿ ಗಿಡದ್ದು. ಹಾಗಾದರೆ ಉಣ್ಣೆಯನ್ನು ಕರಗಿಸಿ, ಆ ರಸವನ್ನು ಮೊದಲು ಹತ್ತಿಗೆ ಕುಡಿಸಿ, ಆಮೇಲೆ ಬಣ್ಣಕ್ಕೆ ಹಾಕಿದರೆ? ಹತ್ತಿಯ ಮೈಗೆ ಕುರಿಯ ಗುಣ ಬಂದರೆ? ನಮ್ಮ ಕುರಿಯ ಒರಟು ಉಣ್ಣೆಯನ್ನು ಈಗ ಯಾರೂ ಕೊಳ್ಳುವುದಿಲ್ಲ. ಕತ್ತರಿಸಿ ಬೇಲಿಯ ಮೇಲೆ ಎಸೆಯುತ್ತಾರೆ.

ಗಲ್ಲಕ್ಕೆ ಬ್ಲೇಡು ತಾಗಿ ರಕ್ತ ಬಂದಿತ್ತು. ನನಗೆ ಉರಿದದ್ದು ಅದಲ್ಲ. ನಾನು ಕುರಿಯ ನಡುವೆ ಹುಟ್ಟಿದವನು, ಹತ್ತಿಯ ನಡುವೆ ಮುದುಕನಾದವನು. ಎರಡೂ ಅರ್ಧ ಮೂವತ್ತೊಂದು ವರ್ಷ ನನ್ನ ಎರಡು ಕೈಯಲ್ಲೇ ಇದ್ದವು. ಒಮ್ಮೆಯೂ ಕೈ ಜೋಡಿಸಲಿಲ್ಲ. ಜೋಡಿಸಲು ಸಗಣಿಯ ಮೇಲಿನ ಕೊಡೆ ಬೇಕಾಯಿತು. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು. ನಾನು ಪಟ್ಟೆ.

ಬಸ್ಸು ಹತ್ತಿ ಬೋರಾಮಣಿಗೆ ಹೋದೆ. ಅಲ್ಲಿ ನನ್ನ ಕಾಕಾ ಇದ್ದಾನೆ, ಅಪ್ಪನ ಕೊನೆಯ ತಮ್ಮ. ಎಂಬತ್ತರ ಹತ್ತಿರ, ಈಗಲೂ ಕುರಿಯ ಹಿಂದೆ ನಡೆಯುತ್ತಾನೆ. ಅಪ್ಪನ ನಂತರ ಹೇಳಿಕೆ ಹೇಳುವವನು ಅವನೇ. ಮಾಳದಲ್ಲಿ ಕೋಲಿಗೆ ಗದ್ದ ಊರಿ ನಿಂತಿದ್ದ.

"ಕಾಕಾ, ಹುಡುಗಿಗಿ ಏನ ತಿನಿಸಿದಿ?" ಎಂದು ನಿಂತಲ್ಲೇ ಕೇಳಿದೆ.

"ನಾ ಯಾಕ ತಿನಸ್ಲೋ ತಮ್ಮಾ? ಯಾವ ನಾಯಿಕೊಡಿ ತಿಂದ್ರ ತಲಿ ತಿರಗತೈತಿ ಅಂತ ಕೇಳಿದ್ಲು. ತೋರಿಸ್ದೆ. ತಿನಬ್ಯಾಡವ್ವಾ ಅಂತ ಕೈ ಮುಗದ ಹೇಳ್ದೆ. ನಿನ್ನ ಮಗಳು, ಕೇಳ್ತಾಳೇನು?"

"ಆಮ್ಯಾಲ?"

"ಆಮ್ಯಾಲೇನು, ಜಾಲಿ ಗಿಡದ ಬುಡಕ ಕೂತ್ಲು. ವಾಂತಿ ಮಾಡ್ಕೊಂಡ್ಲು, ಅತ್ಲು, ನಕ್ಲು. ಕುರಿ ನೋಡಿ ಕೈ ಮುಗದ್ಲು. ಒಮ್ಮಿ ಎದ್ದ ಬಾಂವಿ ಕಡಿ ನಡದ್ಲು. ನಾ ರಟ್ಟಿ ಹಿಡದ ಕುಂದರಿಸ್ದೆ. ಹೊತ್ತ ಇಳಿಯೂ ತನಕ ಬಾಜೂಕ ಕೂತಿದ್ದೆ. ಕುರಿ ಯಾರದೋ ಕಡ್ಲಿ ಹೊಲಾ ಹೊಕ್ಕು, ಬೈಸ್ಕೊಂಡೆ."

ಬಾವಿಯ ಮಾತು ಕೇಳಿ ಅಲ್ಲೇ ಕಲ್ಲಿನ ಮೇಲೆ ಕೂತೆ.

"ಬರದಾಳಲ್ಲ ಏನೇನೋ," ಎಂದೆ, "ನಿನ್ನ ಹೇಳಿಕಿ ಇದ್ದಂಗ ಐತಿ. ತಲಿ ಇಲ್ಲ, ಬುಡ ಇಲ್ಲ."

ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. "ಹೇಳಿಕಿ ಹಂಗ ಇರತೈತಿ. ದೇವರ ಬಂದಾಗ ನಾ ಏನ್ ಹೇಳ್ತೀನಿ ನನಗ ಖಬರ ಇರಂಗಿಲ್ಲ. ಅದನ್ನ ಹಿಂಜಿ ನೋಡೂದು ಹಿರೇರ ಕೆಲಸ. ಉಣ್ಣಿ ಹಿಂಜಿದಂಗ. ಕಸ ಬೀಳತೈತಿ, ಎಳಿ ಉಳಿತೈತಿ. ಒಂದೊಂದ ವರ್ಷ ಬರೇ ಕಸ. ಆದ್ರ ಒಂದ ಮಾತ ಲಕ್ಷ್ಯದಾಗ ಇಡು. ಹೇಳಿದಾಂವ ಹಿಂಜಾಕ ಕುಂದರಬಾರದು. ನಿಮ್ಮಪ್ಪನೂ ಕುಂದರತಿರಲಿಲ್ಲ. ಹೇಳಿಕಿ ಮುಗದ ಮ್ಯಾಲ ಎದ್ದ ಕುರಿ ಕಡಿ ಹೋಗತಿದ್ದ."

ಅದು ಖರೆ. ಅಪ್ಪ ಎದ್ದು ಹೋಗುವುದನ್ನು ನಾನೂ ಕಂಡಿದ್ದೆ. ಕೇಳಿದವರಿಗೆ ಉತ್ತರ ಕೊಡಲಾರದೆ ತಪ್ಪಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಕಾಕಾನ ಮಾತು ನನ್ನನ್ನು ಮುಟ್ಟಿತು ಎಂದು ಈಗ ಬರೆಯಬಹುದು. ಅವತ್ತು ಮುಟ್ಟಲಿಲ್ಲ. ಮುದುಕ ತನ್ನ ತಪ್ಪು ಮುಚ್ಚಿಕೊಳ್ಳುತ್ತಿದ್ದಾನೆ ಎಂದೇ ಅನಿಸಿತು. ಚಹಾ ಕುಡಿಯದೆ ಎದ್ದು ಬಂದೆ.

ಅದಾದ ಮೇಲೆ ಮನೆಗೆ ಉಣ್ಣೆಯ ಚೀಲಗಳು ಬರತೊಡಗಿದವು. ಕಾಕಾನ ಬೇಲಿಯ ಮೇಲಿನದು. ಮಗಳು ತಾರಸಿಯ ಗಚ್ಚಿಯ ಮೇಲೆ ಅದನ್ನು ತೊಳೆದು ಒಣಗಿಸಿ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದಳು. ಮನೆಯೆಲ್ಲ ಕುರಿಹಟ್ಟಿಯ ವಾಸನೆ. ಹೆಂಡತಿ ಊದುಬತ್ತಿ ಹಚ್ಚಿ ಹಚ್ಚಿ ಸೋತಳು. "ಇದರಿಂದ ಏನ್ ಮಾಡ್ತಿ?" ಎಂದು ನಾನು ಏನೂ ಗೊತ್ತಿಲ್ಲದವನ ಹಾಗೆ ಕೇಳಿದೆ. ಮಗಳು ನನ್ನನ್ನು ಒಂದು ಗಳಿಗೆ ನೋಡಿದಳು. "ಒಂದ ವಿಚಾರ ಐತಿ ಅಪ್ಪಾ, ಕೈಗೂಡಿದ್ರ ಹೇಳ್ತೀನಿ" ಎಂದಳು. ಆ ನೋಟ ನನಗೆ ಅರ್ಥವಾಗಲಿಲ್ಲ. ನನ್ನಿಂದ ಏನೋ ಮುಚ್ಚಿಡುತ್ತಿದ್ದಾಳೆ ಎಂದಷ್ಟೇ ಅಂದುಕೊಂಡೆ. ಮುಚ್ಚಿಡುತ್ತಿದ್ದವನು ನಾನೂ ಅಲ್ಲವೇ ಎಂಬುದು ಹೊಳೆಯಲೇ ಇಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಇಪ್ಪತ್ನಾಲ್ಕು ಕಾರ್ಡುಗಳ ಕಟ್ಟು ತಂದು ನನ್ನ ಮುಂದಿಟ್ಟಳು. ಒಂದೊಂದು ಕಾರ್ಡಿಗೆ ಎರಡು ಚೂರು ಬಟ್ಟೆ, ತೊಳೆಯದ್ದೊಂದು ತೊಳೆದದ್ದೊಂದು, ಮೇಲೆ ಬರೀ ನಂಬರು. ಯಾವುದಕ್ಕೆ ಏನು ಮಾಡಿದ್ದು ಎಂದು ಎಲ್ಲಿಯೂ ಬರೆದಿರಲಿಲ್ಲ.

"ಮೂರು ಮಂದಿ ತಿಳಿದವರ ಅಂಕ ಬೇಕಂತ ಅಪ್ಪಾ. ಇಬ್ಬರ ಕಡಿಂದ ಆಗೈತಿ. ಮೂರನೇ ಕಣ್ಣು ನಿನ್ನದ ಇರಲಿ. ಸೋಲಾಪುರದಾಗ ನಿನ್ನಂಥ ಕಣ್ಣು ಇನ್ನೊಂದಿಲ್ಲ."

"ನೀ ಹೊರಗ ಹೋಗು. ಮಾಡಿದಾಕಿ ಬಾಜೂಕ ನಿಂದರಬಾರದು" ಎಂದೆ.

"ಗೊತ್ತೈತಿ" ಎಂದು ಹೋದಳು.

ಹನ್ನೊಂದು ಗಂಟೆಯ ಒಳ್ಳೆಯ ಬೆಳಕು. ಉತ್ತರದ ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಗ್ರೇ ಸ್ಕೇಲ್ ಹಿಡಿದು ಕೂತೆ. ಮೊದಲ ಐದಾರು ಕಾರ್ಡು ಸರಿಯಾಗಿಯೇ ನೋಡಿದೆ. ಎರಡು, ಎರಡೂವರೆ, ಒಂದು. ಹಳೆಯ ಕಥೆ. ಏಳನೆಯದನ್ನು ಕೈಗೆತ್ತಿಕೊಂಡೆ. ದಾಳಿಂಬೆ ಸಿಪ್ಪೆಯ ಹಳದಿ, ತೊಳೆದ ಚೂರಿನಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಗಾಢ. ನಾಲ್ಕು. ಕಣ್ಣು ನಾಲ್ಕು ಎಂದಿತು. ಲೋಹದ ಉಪ್ಪಿಲ್ಲದೆ ಹತ್ತಿಯ ಮೇಲೆ ನಾಲ್ಕನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಕಾರ್ಡನ್ನು ಬಾಯಿಯ ಹತ್ತಿರ ತಂದು "ಹಾ" ಎಂದು ಉಸಿರು ಬಿಟ್ಟು ಮೂಸಿದೆ. ಕುರಿ. ನಮ್ಮ ಹಟ್ಟಿಯ ವಾಸನೆ, ಸಣ್ಣಗೆ.

ಎರಡು ಎಂದು ಬರೆದೆ.

ಯಾಕೆ ಎಂದು ಇಂದಿಗೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಅಂಜಿಕೆ ಇತ್ತು. ಈ ಸಲ ಆ ಕೊಡೆ ಗೆದ್ದರೆ ಮುಂದಿನ ಸಲ ಸಿಕ್ಕಿಬಿದ್ದಾಗ ಮತ್ತೆ ಅದನ್ನೇ ತಿನ್ನುತ್ತಾಳೆ, ಆಗ ಬಾವಿಯ ದಾರಿಯಲ್ಲಿ ರಟ್ಟೆ ಹಿಡಿಯಲು ಕಾಕಾ ಇರುವುದಿಲ್ಲ. ಇದು ಅಪ್ಪನ ಅಂಜಿಕೆ, ಇದರಲ್ಲಿ ಸುಳ್ಳಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದಿತ್ತು. ಮೂವತ್ತೊಂದು ವರ್ಷ ನನಗೆ ಹೊಳೆಯದ್ದು ಒಂದು ಮಧ್ಯಾಹ್ನ ಅವಳಿಗೆ ಹೊಳೆಯಬಾರದು. ಯಾವುದು ಎಷ್ಟಿತ್ತು ಎಂದು ಅಳೆಯಲು ನನ್ನಲ್ಲಿ ಪಟ್ಟಿಯಿಲ್ಲ. ಉಳಿದ ಕಾರ್ಡುಗಳನ್ನೆಲ್ಲ ಮೂಸಿ ನೋಡಿದೆ. ಕುರಿಯ ವಾಸನೆ ಬಂದ ಏಳು ಕಾರ್ಡಿಗೂ ಎರಡು, ಎರಡೂವರೆ. ವಾಸನೆ ಇಲ್ಲದವುಗಳಿಗೆ ಕಣ್ಣು ಹೇಳಿದ್ದು. ಅವುಗಳಲ್ಲೂ ಒಂದೆರಡು ಚೆನ್ನಾಗಿಯೇ ಇದ್ದವು. ಅವು ಉಪ್ಪು ಹಾಕಿದ ಹಳೆಯ ಪದ್ಧತಿಯವಿರಬೇಕೆಂದು ನಿರಾಳವಾಗಿ ನಾಲ್ಕು ಕೊಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದಿತು. ಸಹಿ ಮಾಡಿ ಅವಳ ಕೈಗೆ ಕೊಟ್ಟೆ.

ಹಾಳೆ ತೆಗೆದುಕೊಂಡು ನೋಡಿ, ಮಡಚಿ ಇಟ್ಟುಕೊಂಡಳು. ಮುಖದಲ್ಲಿ ಏನೂ ಕಾಣಲಿಲ್ಲ.

ಮುಂದಿನ ಭಾನುವಾರ, ಊಟ ಮುಗಿದಿತ್ತು. ಹೆಂಡತಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಮಗಳು ಬಂದು ನಾಲ್ಕು ಕಾರ್ಡುಗಳನ್ನು ನನ್ನ ಮುಂದೆ ನೆಲದ ಮೇಲೆ ಸಾಲಾಗಿ ಇಟ್ಟಳು. ಏಳು, ಹನ್ನೆರಡು, ಹದಿನೈದು, ಇಪ್ಪತ್ತೊಂದು. ಪಕ್ಕದಲ್ಲಿ ನನ್ನ ಅಂಕದ ಹಾಳೆ.

"ಅಪ್ಪಾ, ಇವು ನಾಕೂ ಒಂದ ಬಟ್ಟೀವು. ಒಂದ ದಿವಸ ಬಣ್ಣ ಹಾಕಿದ್ದು, ಒಂದ ದಿವಸ ತೊಳದದ್ದು. ಎರಡಕ್ಕ ನಾಕು ಕೊಟ್ಟಿ. ಎರಡಕ್ಕ ಎರಡು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ಅವಳು ಅದನ್ನು ನೋಡಿದಳು.

"ಎರಡನ್ನ ಗಚ್ಚಿ ಮ್ಯಾಲ ಎಂಟ ದಿವಸ ಗಾಳಿಗಿ ಹಾಕಿದ್ದೆ. ಹತ್ತಿಯಾಗಿನ ವಾಸ ಪೂರಾ ಹೋಗಿತ್ತು. ಇನ್ನೆರಡನ್ನ ನಿನ್ನ ಕಾಕಾನ ಉಣ್ಣೀ ಚೀಲದಾಗ ಇಟ್ಟಿದ್ದೆ."

"ಬೆಳಕು ಸರೀ ಇರಲಿಲ್ಲವ್ವಾ ಅವತ್ತ..."

"ಬೆಳಕ ಅನಬ್ಯಾಡ ಅಪ್ಪಾ." ಅವಳ ದನಿ ಒಡೆಯಿತು. "ಬೆಳಕಿನ ಮ್ಯಾಲ ಹಾಕಬ್ಯಾಡ."

ಹೆಂಡತಿಯ ಕೈಯ ಶೇಂಗಾ ನಿಂತಿತು. ನಾನು ಸೋತವರ ಕೊನೆಯ ಉಪಾಯ ಹೂಡಿದೆ, ಜೋರು ಮಾಡಿದೆ. "ನೀ ತಿಂದಿ! ಕಾಯ್ದೇಕ ವಿರುದ್ಧ ಇದ್ದದ್ದು ತಿಂದಿ! ಬಾಂವೀಗಿ ಬೀಳತಿದ್ದಿ!"

"ಹೂಂ, ತಿಂದೀನಿ. ಒಮ್ಮಿ. ಅಂಜಿಕಿ ಬಂತು, ಸತ್ತೆ ಅನಿಸ್ತು. ಹತ್ತೂವರೆ ಹಾಳಿ ಕಸ ಬರದೀನಿ. ನೀ ಓದೀದಿ. ಹನ್ನೊಂದನೇ ಹಾಳಿ ಮೂಲಿಗಿ ಸುಣ್ಣ ಹತ್ತಿತ್ತು."

ನಾನು ತಂಬಾಕು ಹಾಕುವವನು. ಬೆರಳಿನ ಸುಣ್ಣ ಹಾಳೆಗೆ ಹತ್ತಿದ್ದು ನನಗೆ ಕಂಡೇ ಇರಲಿಲ್ಲ.

"ಅವತ್ತಿಂದ ಹಾದಿ ನೋಡೀನಿ ಅಪ್ಪಾ, ನೀ ಕೇಳ್ತಿ ಅಂತ. ಇಂದ ಕೇಳ್ತಿ, ನಾಳಿ ಕೇಳ್ತಿ. ಬೈತಿ, ಬಡೀತಿ ಅಂತ. ಡಬ್ಬಿ ಒಗದಿ. ವಹಿ ಓದಿದಿ. ನಿನ್ನ ಕಾಕಾನ ಹಂತೇಕ ಹೋಗಿ ಬಂದಿ. ಅಂಕ ಸುದ್ದಾ ತಪ್ಪ ಬರದಿ. ನನ್ನ ಒಂದ ಮಾತ ಕೇಳಲಿಲ್ಲ."

ನಾನು ಹೇಳಬೇಕಾದದ್ದನ್ನು ಬಿಟ್ಟು ಬೇರೇನೋ ಹೇಳಿದೆ. "ಅದು ನಾಯಿಕೊಡಿ ಕೊಟ್ಟ ವಿಚಾರ ಅಲ್ಲ. ಕಣ್ಣ ಮುಂದ ಕುರಿ ಇದ್ದುವು, ಹೊಳೀತು. ಸುಮ್ಮ ಕೂತಿದ್ರೂ ಹೊಳೀತಿತ್ತು."

"ಇರಬಹುದು" ಎಂದಳು. ಕಣ್ಣೊರೆಸಿಕೊಂಡಳು. "ತಿನ್ನಲಾರದಾಕಿ ಇನ್ನೊಬ್ಬಾಕಿ ನಾ ಇಲ್ಲಲ್ಲ ಅಪ್ಪಾ, ಬಾಜೂಕ ಇಟ್ಟು ನೋಡಾಕ. ಎಲ್ಲಿಂದ ಬಂತು ನನಗೂ ಗೊತ್ತಿಲ್ಲ. ಅದಕ್ಕ ನನ್ನ ನಾ ನಂಬಲಿಲ್ಲ. ಅದಕ್ಕ ಮೂರು ಮಂದಿ ಕಣ್ಣು ಕೇಳಿದೆ."

ಹೇಳಿದವನು ಹಿಂಜಲು ಕೂರಬಾರದು. ಕಾಕಾ ಹೇಳಿದ್ದು ಆಗ ತಲೆಗೆ ಹೋಯಿತು. ಅಂಕ ಕೊಡುವ ದಿನ ಅವಳು ಎದ್ದು ಹೊರಗೆ ನಿಂತಿದ್ದಳು, ನನ್ನ ಅಪ್ಪ ಎದ್ದು ಕುರಿಯ ಕಡೆಗೆ ಹೋಗುತ್ತಿದ್ದ ಹಾಗೆ. ಹಿಂಜಲು ಕೂತ ನಾನು ಎಳೆಯನ್ನು ಕಸದ ಜೊತೆ ಎಸೆದಿದ್ದೆ. ಹೆಂಡತಿ ಒಂದೇ ಮಾತು ಆಡಿದಳು. "ಮಂದೀ ಬಣ್ಣ ನೋಡಿ ನೋಡಿ ಮನೀದು ಮರತ್ರಿ." ಮತ್ತೆ ಶೇಂಗಾ ಸುಲಿಯತೊಡಗಿದಳು.

ಇನ್ನೊಂದು ಕಾರ್ಖಾನೆಯ ನಿವೃತ್ತ ಪರೀಕ್ಷಕರೊಬ್ಬರ ಹತ್ತಿರ ಹೋಗಿ ಅವಳು ಮೂರನೆಯ ಅಂಕ ತಂದಳು. ಎಲ್ಲರದೂ ನಾಲ್ಕರ ಆಸುಪಾಸು. ಪದವಿ ಬಂತು. ಪ್ರಬಂಧದ ಪುಸ್ತಕ ನಮ್ಮ ಮನೆಯಲ್ಲಿದೆ. ಅದರ ಕೋಷ್ಟಕವೊಂದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ, ಒಬ್ಬ ಪರೀಕ್ಷಕರ ಅಂಕಗಳಲ್ಲಿ ಹೊಂದಾಣಿಕೆ ಇಲ್ಲದ್ದರಿಂದ ಕೈಬಿಡಲಾಗಿದೆ ಎಂದು. ಹೆಸರಿಲ್ಲ. ವಿಚಾರ ಹೊಳೆದದ್ದು ಹೇಗೆ ಎಂಬ ಅಧ್ಯಾಯದಲ್ಲಿ ಕುರಿಯಿದೆ, ಬೇಲಿಯ ಮೇಲಿನ ಉಣ್ಣೆಯಿದೆ, ಜಾಲಿಯ ಬುಡದ ಮಧ್ಯಾಹ್ನ ಇಲ್ಲ. ಅದನ್ನು ಬರೆದರೆ ಪದವಿ ಉಳಿಯುತ್ತಿರಲಿಲ್ಲ. ಮತ್ತೆ ತಿಂದಿಲ್ಲ, ತಿನ್ನುವುದಿಲ್ಲ ಎನ್ನುತ್ತಾಳೆ. ನಂಬಿದ್ದೇನೆ. ಮಳೆಗಾಲದ ಕೊನೆಗೆ ಅವಳ ಸಲವಾರದ ಅಂಚು ನೋಡುವುದನ್ನು ಮಾತ್ರ ಬಿಡಲು ಆಗಿಲ್ಲ. ಕುಸಳಿ ಕಂಡರೆ ಈಗ ಬಾಯಿಬಿಟ್ಟು ಕೇಳುತ್ತೇನೆ.

ಹೋದ ತಿಂಗಳು ಅವಳು ಮತ್ತೊಂದು ಕಟ್ಟು ತಂದಳು. ವರ್ಷಗಟ್ಟಲೆ ಬಿಸಿಲಿಗೆ ಇಟ್ಟ ಬಟ್ಟೆಗಳು, ಹದಿನೆಂಟು ಕಾರ್ಡು. ಮೇಜಿನ ಮೇಲೆ ಇಟ್ಟು, ಏನೂ ಆಗಿಲ್ಲವೆಂಬ ಹಾಗೆ, "ನೋಡ್ತಿ ಏನಪ್ಪಾ?" ಎಂದಳು. ಕನ್ನಡಕ ಒರೆಸುತ್ತ ಒರೆಸುತ್ತ ಹೊತ್ತು ಕಳೆದೆ.

"ಒಂದ ಮಾತು," ಎಂದೆ. "ಇದರಾಗ ಒಂದ ಕಳ್ಳ ತುಂಡು ಹಾಕು."

ಅವಳು ಕಿಟಕಿಯ ಪರದೆ ಸರಿಸುತ್ತಿದ್ದಳು, ಬೆಳಕು ಬರಲಿ ಎಂದು. ತಿರುಗಿ ನೋಡದೆ ಹೇಳಿದಳು.

"ಹಾಕೀನಿ, ಅಪ್ಪಾ."